ಕಟ್ಟಿಗೆಯೂ ನೀರು ಕುಡಿಯುತ್ತದೆ
(ನಮ್ಮ ಶಾಲೆಯ ಮೀನಿನ ಪೆಟ್ಟಿಗೆಗೆ ಮೇಜು ಮಾಡಿದ ಪಾಠ)



ಒಂದನೇ ತರಗತಿ ಕೋಣೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮೀನು ಆಡುವುದನ್ನು ನೀವೆಲ್ಲ ದಿನಾ ನಿಂತು ನೋಡುತ್ತೀರಿ. ಅದರ ಹೆಸರು ಗಪ್ಪಿ ಎಂದು ಎಲ್ಲರಿಗೂ ಗೊತ್ತು. ಆದರೆ ಪೆಟ್ಟಿಗೆಯನ್ನು ಹೊತ್ತುಕೊಂಡು ನಿಂತ ಮೇಜಿನ ಕಡೆ ಯಾರೂ ನೋಡುವುದಿಲ್ಲ. ಈ ಸಲದ ಗೋಡೆ ಪತ್ರಿಕೆಯಲ್ಲಿ ನಾನು ಆ ಮೇಜಿನ ಬಗ್ಗೆ ಬರೆಯುತ್ತೇನೆ. ಈಗ ಇರುವುದು ಎರಡನೇ ಮೇಜು. ಮೊದಲನೇ ಮೇಜು ಏನಾಯಿತು ಅನ್ನೋದನ್ನೂ ಬರೆಯಬೇಕು. ಯಾಕೆಂದರೆ ಅದರಲ್ಲಿ ನನ್ನ ತಪ್ಪು ಇದೆ.

ಮೀನು ಬಂದದ್ದು ಹೇಗೆ?

ಡಿಸೆಂಬರ್ ತಿಂಗಳಲ್ಲಿ ನಾವು ಬಾದಾಮಿಗೆ ಪ್ರವಾಸ ಹೋಗಿದ್ದೆವು. ಅಲ್ಲಿ ಎರಡನೇ ಗುಹೆಯಲ್ಲಿ ತಲೆ ಎತ್ತಿ ನೋಡಿದರೆ ಚಾವಣಿಯ ಕಲ್ಲಿನಲ್ಲಿ ಒಂದು ಚಕ್ರ ಕೆತ್ತಿದ್ದಾರೆ. ಬಂಡಿಯ ಗಾಲಿಗೆ ಅರ ಇರುವ ಕಡೆ ಆ ಚಕ್ರದಲ್ಲಿ ಮೀನುಗಳಿವೆ. ನಾವು ಎಣಿಸಿದೆವು, ಒಟ್ಟು ೧೬ ಮೀನು. ಹತ್ತಿರದ ಮೂರನೇ ಗುಹೆಯಲ್ಲಿ ಕ್ರಿ.ಶ. ೫೭೮ರ ಶಾಸನ ಇದೆ ಎಂದು ಗುರುಗಳು ತೋರಿಸಿದರು. ಅಂದರೆ ಇವು ಚಾಲುಕ್ಯರ ಕಾಲದ ಮೀನುಗಳು. ಬಸ್ಸಿನಲ್ಲಿ ಬರುವಾಗ ಎಲ್ಲರೂ ಮೀನಿನ ಮಾತೇ ಆಡಿದೆವು. ಆಗ ವಿಜ್ಞಾನದ ಗುರುಗಳು, "ಕಲ್ಲಿನ ಮೀನು ನೋಡಿದ್ರಿ. ಶಾಲೆಯಲ್ಲಿ ಜೀವಂತ ಮೀನು ಸಾಕೋಣೇನು?" ಎಂದರು. ಎಲ್ಲರೂ "ಹೂಂ ಸರ್" ಎಂದು ಕೂಗಿದೆವು.

ಗಪ್ಪಿ ಮೀನು ಚಂದಕ್ಕಾಗಿ ಅಷ್ಟೇ ಅಲ್ಲ. ಅದು ನೀರಿನಲ್ಲಿರುವ ಸೊಳ್ಳೆ ಮರಿಗಳನ್ನು ತಿನ್ನುತ್ತದೆ. ಅದಕ್ಕೇ ಆರೋಗ್ಯ ಇಲಾಖೆಯವರು ಗಪ್ಪಿ ಮತ್ತು ಗ್ಯಾಂಬೂಸಿಯಾ ಎಂಬ ಮೀನುಗಳನ್ನು ಬಾವಿ, ತೊಟ್ಟಿಗಳಿಗೆ ಬಿಡುತ್ತಾರೆ. ಗಪ್ಪಿ ತತ್ತಿ ಇಡುವುದಿಲ್ಲ, ಮರಿ ಹಾಕುತ್ತದೆ. ಮರಿಗಳು ಹೆಚ್ಚಾದ ಮೇಲೆ ಊರಿನ ಮನೆಗಳ ನೀರಿನ ತೊಟ್ಟಿಗಳಿಗೆ ಕೊಡುವುದು ನಮ್ಮ ಯೋಜನೆ. (ಹೊಳೆಗೆ, ಕೆರೆಗೆ ಇವನ್ನು ಬಿಡಬಾರದು. ಅಲ್ಲಿರುವ ನಮ್ಮ ಸ್ವಂತ ಮೀನುಗಳಿಗೆ ತೊಂದರೆಯಾಗುತ್ತದೆ.)

ಮೊದಲನೇ ಮೇಜು

ಗಾಜಿನ ಪೆಟ್ಟಿಗೆ ಬಂತು. ಇಡಲಿಕ್ಕೆ ಮೇಜು ಇರಲಿಲ್ಲ. ಒಬ್ಬರ ಮನೆಯಲ್ಲಿ ಟಿ.ವಿ. ಇಡುವ ಹಳೆಯ ಮೇಜು ಇತ್ತು. ನೋಡಲು ಹೊಳೆಯುತ್ತಿತ್ತು. ಅದನ್ನೇ ತಂದೆವು. ೨೦ ಮೀನು ಬಿಟ್ಟೆವು. ನೀರು ಬದಲಿಸುವ ಕೆಲಸ ನನಗೆ ಕೊಟ್ಟಿದ್ದರು. ನಾನು ಕೊಡದಿಂದ ಸುರಿಯುವಾಗ ಸ್ವಲ್ಪ ನೀರು ಹೊರಗೆ ಚೆಲ್ಲುತ್ತಿತ್ತು. ನಾನು ಒರೆಸುತ್ತಿರಲಿಲ್ಲ. ಬಿಸಿಲಿಗೆ ತಾನೇ ಆರುತ್ತದೆ ಎಂದು ಬಿಡುತ್ತಿದ್ದೆ.

ಮೂರು ವಾರದ ನಂತರ ಒಂದು ಶುಕ್ರವಾರ ಮೇಜಿನ ಅಂಚು ಉಬ್ಬಿದ್ದನ್ನು ಕಂಡೆ. ಹೆಂಚಿನ ಮೇಲೆ ರೊಟ್ಟಿ ಉಬ್ಬಿದ ಹಾಗೆ ಆಗಿತ್ತು. ಬೆರಳಿನಿಂದ ಒತ್ತಿದರೆ ಮೆತ್ತಗಿತ್ತು. ಪೆಟ್ಟಿಗೆಯ ನೀರು ಒಂದು ಕಡೆ ಸ್ವಲ್ಪ ಹೆಚ್ಚು ಕಾಣುತ್ತಿತ್ತು. ಗುರುಗಳಿಗೆ ಹೇಳಿದರೆ ನೀರಿನ ಕೆಲಸ ನನ್ನಿಂದ ಕಸಿದುಕೊಳ್ಳುತ್ತಾರೆ ಎಂದು ಹೆದರಿ ಹೇಳಲಿಲ್ಲ. ಸೋಮವಾರ ನೋಡಿದರಾಯಿತು ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆದಾಗ ನೆಲದ ತುಂಬ ನೀರು ಹರಿದು ಒಣಗಿದ ಗುರುತು ಇತ್ತು. ಮೇಜಿನ ಒಂದು ಬದಿ ಕುಸಿದಿತ್ತು. ಪೆಟ್ಟಿಗೆಯ ತಳದ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ೧೪ ಮೀನು ಸತ್ತಿದ್ದವು. ಒಂದು ಮೂಲೆಯಲ್ಲಿ ಉಸುಕಿನ ತಗ್ಗಿನಲ್ಲಿ ಉಳಿದ ಬೊಗಸೆ ನೀರಿನಲ್ಲಿ ೬ ಮೀನು ಬದುಕಿದ್ದವು. ಆ ಮೇಜಿನ ಪಕ್ಕದಲ್ಲೇ ಒಂದನೇ ತರಗತಿಯವರು ಸಾಲಾಗಿ ಕೂರುತ್ತಾರೆ. ನನ್ನ ತಮ್ಮನೂ ಅಲ್ಲೇ ಕೂರುತ್ತಾನೆ. ಅದು ರವಿವಾರದ ಬದಲು ಶಾಲೆಯ ದಿನ ಒಡೆದಿದ್ದರೆ?

ನಾನು ಅತ್ತುಕೊಂಡು ಶುಕ್ರವಾರವೇ ಕಂಡದ್ದನ್ನು ಹೇಳಿದೆ. ಗುರುಗಳು ಹೊಡೆಯಲಿಲ್ಲ, ಬೈಯಲಿಲ್ಲ. "ಈ ಮೇಜು ಯಾಕೆ ಕೆಟ್ಟಿತು ಅಂತ ಕಲಿತು, ಹೊಸಾದು ಮಾಡಿಸೋದು ನಿನ್ನ ಕೆಲಸ. ಆಮೇಲೆ ಗೋಡೆ ಪತ್ರಿಕೆಗೆ ಬರಿ" ಎಂದರು. ಅದಕ್ಕೇ ಈ ಲೇಖನ.

ಪಾಠ ೧: ಭಾರದ ಲೆಕ್ಕ

ನಮ್ಮ ಪೆಟ್ಟಿಗೆ ಉದ್ದ ೬೦ ಸೆಂ.ಮೀ., ಅಗಲ ೩೦ ಸೆಂ.ಮೀ., ಎತ್ತರ ೩೦ ಸೆಂ.ಮೀ. ನೀರು ತುಂಬುವುದು ೨೭ ಸೆಂ.ಮೀ. ತನಕ.

೬೦ × ೩೦ × ೨೭ = ೪೮,೬೦೦ ಘನ ಸೆಂ.ಮೀ.

೧೦೦೦ ಘನ ಸೆಂ.ಮೀ. ಅಂದರೆ ೧ ಲೀಟರ್. ಆದ್ದರಿಂದ ೪೮.೬ ಲೀಟರ್. ಒಂದು ಲೀಟರ್ ನೀರು ಒಂದು ಕೆ.ಜಿ. ಇರುತ್ತದೆ. ಅಂದರೆ ನೀರೇ ೪೮.೬ ಕೆ.ಜಿ. ೫ ಮಿ.ಮೀ. ದಪ್ಪದ ಗಾಜಿನ ತೂಕ ಸುಮಾರು ೯ ಕೆ.ಜಿ. ಉಸುಕು ೬ ಕೆ.ಜಿ. ಉಸುಕು ಹಿಡಿದ ಜಾಗದಲ್ಲಿ ನೀರು ಇರುವುದಿಲ್ಲ, ಅದನ್ನು ಕಳೆದರೂ ಒಟ್ಟು ೬೦ ಕೆ.ಜಿ.ಗೆ ಕಡಿಮೆ ಇಲ್ಲ. ನನ್ನ ತೂಕ ೩೧ ಕೆ.ಜಿ. ಅಂದರೆ ನನ್ನಂಥ ಇಬ್ಬರು ಮೇಜಿನ ಮೇಲೆ ಹಗಲು ರಾತ್ರಿ ಇಳಿಯದೆ ನಿಂತ ಹಾಗೆ ಆಯಿತು. ಟಿ.ವಿ. ಮೇಜಿನ ಮೇಲೆ ನಾವು ಹಾಗೆ ನಿಲ್ಲುತ್ತೇವೆಯೇ? ನಿಲ್ಲುವುದಿಲ್ಲ. ನೀರು ತೆಳ್ಳಗೆ ಕಾಣುತ್ತದೆ ಎಂದು ಅದರ ಭಾರವನ್ನು ನಾವು ಮರೆತಿದ್ದೆವು.

ಪಾಠ ೨: ಕಟ್ಟಿಗೆ ನೀರು ಕುಡಿಯುವುದು ಎಲ್ಲಿಂದ?

ನಮ್ಮೂರ ಬಡಿಗೇರ ಕಾಕಾನ ಹತ್ತಿರ ಕುಸಿದ ಮೇಜಿನ ತುಂಡು ಒಯ್ದೆ. ಕಾಕಾ ಮುರಿದು ತೋರಿಸಿದರು. ಒಳಗೆ ಕಟ್ಟಿಗೆಯೇ ಇರಲಿಲ್ಲ, ಕಟ್ಟಿಗೆಯ ಪುಡಿ ಮತ್ತು ಅಂಟು ಇತ್ತು. ಅದನ್ನು ಯಂತ್ರದಲ್ಲಿ ಒತ್ತಿ ಹಲಗೆ ಮಾಡಿ ಮೇಲೆ ಹೊಳೆಯುವ ಹಾಳೆ ಅಂಟಿಸಿರುತ್ತಾರೆ. ಒಣಗಿದ್ದರೆ ಗಟ್ಟಿ. ನೀರು ಹೊಕ್ಕರೆ ಪುಡಿ ಉಬ್ಬುತ್ತದೆ, ಅಂಟು ಬಿಡುತ್ತದೆ. ಮತ್ತೆ ಒಣಗಿಸಿದರೂ ಮೊದಲಿನಂತೆ ಆಗುವುದಿಲ್ಲ.

"ಹಂಗಾದ್ರ ಗಟ್ಟಿ ಕಟ್ಟಿಗೀಗೆ ಏನೂ ಆಗಂಗಿಲ್ಲೇನ್ರಿ ಕಾಕಾ?" ಎಂದು ಕೇಳಿದೆ.

"ಆಗ್ತೈತಿ ತಂಗಿ. ಕಡಿದ ಮ್ಯಾಲೆ ಕಟ್ಟಿಗಿ ಸತ್ತೈತಿ ಅಂತ ತಿಳೀಬ್ಯಾಡ. ಅದು ಇನ್ನೂ ನೀರ ಕುಡಿತೈತಿ. ಎಲ್ಲಿಂದ ಕುಡಿತೈತಿ ನೋಡು" ಎಂದು ಬೇವಿನ ಕಟ್ಟಿಗೆಯ ಎರಡು ತುಂಡು ಕೊಟ್ಟರು.

ನಾವು ತರಗತಿಯಲ್ಲಿ ಪ್ರಯೋಗ ಮಾಡಿದೆವು. ಎರಡು ತಟ್ಟೆಗಳಲ್ಲಿ ನೀಲಿ ಶಾಯಿ ಬೆರೆಸಿದ ನೀರು ಹಾಕಿದೆವು. ಒಂದು ತುಂಡನ್ನು ಕೊಯ್ದ ತುದಿ ಕೆಳಗೆ ಬರುವಂತೆ ನಿಲ್ಲಿಸಿದೆವು. ಇನ್ನೊಂದನ್ನು ಅಡ್ಡ ಮಲಗಿಸಿದೆವು. ಮರುದಿನ ಕಾಕಾ ಎರಡನ್ನೂ ಸೀಳಿ ಕೊಟ್ಟರು. ಮಲಗಿದ ತುಂಡಿನಲ್ಲಿ ನೀಲಿ ಬರೀ ಮೇಲಿನ ಚರ್ಮಕ್ಕೆ ಇತ್ತು. ನಿಂತ ತುಂಡಿನಲ್ಲಿ ನೀಲಿ ಗೆರೆಗಳು ಒಳಗಿಂದ ಮೇಲಕ್ಕೆ ಹತ್ತಿದ್ದವು.

ಕಾರಣ ನಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ. ಗಿಡ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಒಯ್ಯುವ ಸಣ್ಣ ಕೊಳವೆಗಳಿಗೆ ಕ್ಸೈಲಂ ಎನ್ನುತ್ತಾರೆ. ಕಟ್ಟಿಗೆ ಅಂದರೆ ಬಹುಪಾಲು ಆ ಕೊಳವೆಗಳೇ. ಅಡ್ಡ ಕೊಯ್ದಾಗ ಅವುಗಳ ಬಾಯಿ ತೆರೆಯುತ್ತದೆ. ಆದ್ದರಿಂದ ಕಟ್ಟಿಗೆ ಮೈಗಿಂತ ತುದಿಯಿಂದ ಬಹಳ ಬೇಗ ನೀರು ಕುಡಿಯುತ್ತದೆ. ಮೇಜಿಗೆ ಹೆಚ್ಚು ಅಪಾಯ ಎಲ್ಲಿ? ನಮಗೆ ಕಾಣುವ ಮೇಲಿನ ಹಲಗೆಗಿಂತ ನೆಲಕ್ಕೆ ತಾಗಿದ ಕಾಲಿನ ತುದಿಯಲ್ಲಿ. ಅಲ್ಲಿ ಯಾರೂ ಬಣ್ಣ ಹಚ್ಚುವುದಿಲ್ಲ.

ನೀರು ಕುಡಿದ ಕಟ್ಟಿಗೆ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬಹಳ ಕಡಿಮೆ. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗುವುದು ಇದರಿಂದಲೇ. ಹಿಂದಿನ ಕಾಲದಲ್ಲಿ ಬಂಡೆ ಸೀಳಲು ಸಾಲಾಗಿ ತೂತು ಕೊರೆದು, ಒಣ ಕಟ್ಟಿಗೆಯ ಬೆಣೆ ಬಡಿದು, ನೀರು ಹಾಕುತ್ತಿದ್ದರಂತೆ. ಬೆಣೆ ಉಬ್ಬಿ ಕಲ್ಲು ಸೀಳುತ್ತಿತ್ತು. ಕಲ್ಲನ್ನೇ ಸೀಳುವ ಕಟ್ಟಿಗೆಗೆ ನಮ್ಮ ೫ ಮಿ.ಮೀ. ಗಾಜು ಯಾವ ಲೆಕ್ಕ?

ಪಾಠ ೩: ಮೇಜು ಕಟ್ಟಿದ್ದು

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ತಗ್ಗಿನ ಭಾಗ ಮುಳುಗುವ ಮುಂಚೆ ಜನ ತಮ್ಮ ಮನೆಗಳ ಬಾಗಿಲು, ತೊಲೆ, ಕಂಬ ಬಿಚ್ಚಿಕೊಂಡು ಹೊರಬಂದರು. ಕೆಲವರು ನವನಗರದ ಮನೆಗೆ ಹಾಕಿಕೊಂಡರು, ಕೆಲವರು ಮಾರಿದರು. ಆಗ ಕೊಂಡ ಸಾಗವಾನಿ ತೊಲೆಯ ಒಂದು ತುಂಡು ಕಾಕಾನ ಹತ್ತಿರ ಇತ್ತು. ಅದನ್ನು ನಮ್ಮ ಶಾಲೆಗೆ ಬಿಟ್ಟಿಯಾಗಿ ಕೊಟ್ಟರು. ಸಾಗವಾನಿಯಲ್ಲಿ ಎಣ್ಣೆಯ ಅಂಶ ಇರುತ್ತದೆ, ಒರಲಿ ಬೇಗ ಹತ್ತುವುದಿಲ್ಲ. ಬಹಳ ವರ್ಷ ಒಣಗಿದ್ದರಿಂದ ಇನ್ನು ಸೊಟ್ಟ ಆಗುವ ಭಯವೂ ಕಡಿಮೆ.

ಗರಗಸ, ರಂದಾ, ಉಳಿ ಹಿಡಿದದ್ದು ಕಾಕಾ. ಅಳತೆ ಹಿಡಿಯುವುದು, ಪಾಲಿಶ್ ಪೇಪರ್ ತಿಕ್ಕುವುದು, ಎಣ್ಣೆ ಹಚ್ಚುವುದು ನಾವು.

(೧) ಕಾಲು ನಾಲ್ಕು. ಮೂರು ಇಂಚು ಚೌಕ, ಎತ್ತರ ೭೫ ಸೆಂ.ಮೀ. ಅದಕ್ಕಿಂತ ಎತ್ತರ ಮಾಡಿದರೆ ಒಂದನೇ ತರಗತಿಯವರಿಗೆ ಮೀನು ಕಾಣುವುದಿಲ್ಲ.

(೨) ಕಾಲಿನ ತಲೆಗೆ ಕಚ್ಚು ಹಾಕಿ ಅಡ್ಡಪಟ್ಟಿಯನ್ನು ಅದರ ಮೇಲೆ ಕೂರಿಸಿದರು. ಇದು ಮುಖ್ಯ. ಪಟ್ಟಿಯನ್ನು ಕಾಲಿನ ಪಕ್ಕಕ್ಕೆ ಇಟ್ಟು ಮೊಳೆ ಬಡಿದರೆ ಭಾರವೆಲ್ಲ ಮೊಳೆಯ ಮೇಲೆ ಬೀಳುತ್ತದೆ. ಮೊಳೆ ತುಕ್ಕು ಹಿಡಿದ ದಿನ ಮೇಜು ಬೀಳುತ್ತದೆ. ಕಟ್ಟಿಗೆಯ ಭಾರವನ್ನು ಕಟ್ಟಿಗೆಯೇ ಹೊರಬೇಕು. ಸ್ಕ್ರೂ ಬರೀ ಜರುಗದಂತೆ ಹಿಡಿದುಕೊಂಡರೆ ಸಾಕು.

(೩) ಮೂರು ಬದಿಗೆ ಓರೆ ಪಟ್ಟಿ. ಯಾಕೆ ಎಂದು ತಿಳಿಯಲು ನೀವೂ ಮಾಡಿ ನೋಡಿ. ಜೋಳದ ದಂಟಿನ ನಾಲ್ಕು ತುಂಡನ್ನು ಜಾಲಿ ಮುಳ್ಳಿನಿಂದ ಚುಚ್ಚಿ ಚೌಕ ಮಾಡಿ. ಮೂಲೆ ಹಿಡಿದು ಒತ್ತಿದರೆ ಅದು ಸಮಾಂತರ ಚತುರ್ಭುಜವಾಗಿ ಮಲಗುತ್ತದೆ. ಮೂರು ತುಂಡಿನ ತ್ರಿಕೋನ ಮಾಡಿ ಒತ್ತಿ. ಅದು ಅಲುಗುವುದಿಲ್ಲ. ಓರೆ ಪಟ್ಟಿ ಹಾಕಿದರೆ ಚೌಕದೊಳಗೆ ತ್ರಿಕೋನ ಆಗುತ್ತದೆ. ರೇಖಾಗಣಿತ ಪರೀಕ್ಷೆಗೆ ಮಾತ್ರ ಎಂದು ನಾನು ತಿಳಿದಿದ್ದೆ.

(೪) ಮೇಲಿನ ಹಲಗೆಗೆ ಪ್ಲೈವುಡ್. ಹುನಗುಂದದ ಅಂಗಡಿಯಲ್ಲಿ ಕೇಳಿದಾಗ ಎರಡು ತರಹ ತೋರಿಸಿದರು. ಎಂ.ಆರ್. ಎಂದು ಬರೆದದ್ದು ಸ್ವಲ್ಪ ತೇವ ತಾಳುತ್ತದೆ, ನೀರು ತಾಳುವುದಿಲ್ಲ. ಐ.ಎಸ್. ೭೧೦ ಎಂದು ಅಚ್ಚು ಇರುವುದು ನೀರು ತಾಳುವ ಪ್ಲೈವುಡ್. ಅದರದೇ ಉಳಿದ ತುಂಡು ಒಂದು ಸಿಕ್ಕಿತು. ಅಂಟು ಕೂಡ ನೀರು ತಾಳುವುದನ್ನೇ ಕೇಳಿ ತಂದೆವು. ಸಾದಾ ಬಿಳಿ ಅಂಟು ನೀರಿನಲ್ಲಿ ನೆನೆದರೆ ಬಿಡುತ್ತದೆ.

ಪಾಠ ೪: ಎಣ್ಣೆ ಕುಡಿಸುವುದು

ನೀರು ಕುಡಿಯುವ ಮೊದಲೇ ಕಟ್ಟಿಗೆಗೆ ಎಣ್ಣೆ ಕುಡಿಸಬೇಕು ಎಂದರು ಕಾಕಾ. ಯಾವ ಎಣ್ಣೆ? ನಾನು ಶೇಂಗಾ ಎಣ್ಣೆ ತರುತ್ತೇನೆ ಎಂದೆ. ಅವರು ನಕ್ಕರು. ಶೇಂಗಾ ಎಣ್ಣೆ, ಔಡಲ ಎಣ್ಣೆ ಹಚ್ಚಿದರೆ ಒಣಗುವುದಿಲ್ಲ, ಜಿಡ್ಡು ಹಾಗೇ ಉಳಿದು ಧೂಳು ಹಿಡಿಯುತ್ತದೆ. ಅಗಸಿ ಎಣ್ಣೆ ಬೇರೆ. ಅದು ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿ ಪೊರೆ ಆಗುತ್ತದೆ. ನಾವು ರೊಟ್ಟಿ ಜೊತೆ ತಿನ್ನುವ ಅಗಸಿ ಹಿಂಡಿ ಮಾಡುತ್ತಾರಲ್ಲ, ಅದೇ ಅಗಸಿ. ಹಸಿ ಎಣ್ಣೆ ಒಣಗಲು ಬಹಳ ದಿನ ಬೇಕು. ಆದ್ದರಿಂದ ಬಣ್ಣದ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಅಗಸಿ ಎಣ್ಣೆ ತಂದೆವು. ಅದನ್ನು ತಿನ್ನಬಾರದು.

ನಾವು ಮಾಡಿದ ಕ್ರಮ ಹೀಗಿದೆ:

ಮೊದಲು ಪಾಲಿಶ್ ಪೇಪರಿನಿಂದ ತಿಕ್ಕಿ ಧೂಳು ಒರೆಸಿದೆವು. ಆಮೇಲೆ ಕಾಲುಗಳ ತುದಿಯನ್ನು ಒಂದು ತಟ್ಟೆ ಎಣ್ಣೆಯಲ್ಲಿ ಒಂದು ರಾತ್ರಿ ನಿಲ್ಲಿಸಿದೆವು. ಶಾಯಿ ಹತ್ತಿದ ದಾರಿಯಲ್ಲೇ ಎಣ್ಣೆ ಹತ್ತಿತು. ನಂತರ ಎಲ್ಲ ತುಂಡುಗಳಿಗೂ ಜೋಡಿಸುವ ಮುಂಚೆ ಎಣ್ಣೆ ಹಚ್ಚಿದೆವು. ಜೋಡಿಸಿದ ಮೇಲೆ ಒಳಗೆ ಕೈ ಹೋಗುವುದಿಲ್ಲ. ಅಂಟು ಹಚ್ಚುವ ಜಾಗ ಮಾತ್ರ ಬಿಟ್ಟೆವು, ಎಣ್ಣೆಯ ಮೇಲೆ ಅಂಟು ಹಿಡಿಯುವುದಿಲ್ಲ. ಹಚ್ಚಿದ ಅರ್ಧ ತಾಸಿನ ಮೇಲೆ ಕಟ್ಟಿಗೆ ಕುಡಿಯದೆ ಉಳಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಬೇಕು. ಎರಡು ಮೂರು ದಿನ ಒಣಗಿದ ಮೇಲೆ ಮತ್ತೊಂದು ಸಲ. ಹೀಗೆ ಮೂರು ಸಲ. ಪೂರ್ತಿ ಒಣಗಿದ ಮೇಲೆ ಆಯಿಲ್ ಪೇಂಟ್ ಎರಡು ಕೈ. ಪ್ಲೈವುಡ್ಡಿನ ಅಂಚುಗಳಿಗೆ ಮೂರು ಕೈ, ಯಾಕೆಂದರೆ ಅಂಚು ಕೂಡ ಕೊಯ್ದ ತುದಿಯೇ.

ಎಚ್ಚರಿಕೆ: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿ ಹೀರುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಶಾಖ ಹೊರಗೆ ಹೋಗದೆ ತಾನೇ ಬೆಂಕಿ ಹತ್ತಬಹುದು, ಕಡ್ಡಿ ಗೀರುವುದೇ ಬೇಡ. ಬಟ್ಟೆಯನ್ನು ಬಯಲಲ್ಲಿ ಒಂದೊಂದಾಗಿ ಹರವಿ ಒಣಗಿಸಬೇಕು.

ಪಾಠ ೫: ಕಾಲಿನ ಕೆಳಗೆ ಕಲ್ಲು

ನಮ್ಮ ಕಡೆಯ ಹಳೆ ಮನೆಗಳಲ್ಲಿ ಕಟ್ಟಿಗೆ ಕಂಬವನ್ನು ನೇರ ನೆಲಕ್ಕೆ ಹುಗಿದಿರುವುದಿಲ್ಲ. ಕೆಳಗೆ ಒಂದು ಕಲ್ಲು ಇರುತ್ತದೆ. ನೆಲ ಸಾರಿಸಿದ ನೀರು, ಒರಲಿ ಕಂಬಕ್ಕೆ ಬೇಗ ಹತ್ತಬಾರದು ಎಂದು ಹಾಗೆ ಮಾಡಿದ್ದಾರೆ. ನಾವೂ ಹಾಗೇ ಮಾಡಿದೆವು. ಇಳಕಲ್ಲಿನ ಕೆಂಪು ಗ್ರಾನೈಟ್ ಎಲ್ಲ ಕಡೆ ಹೋಗುತ್ತದೆ. ಅದನ್ನು ಕೊಯ್ಯುವಾಗ ಉಳಿದ ಚೂರುಗಳು ಬಿದ್ದಿರುತ್ತವೆ. ಒಡೆದ ಗಾಜು ಬದಲಿಸಲು ಇಳಕಲ್ಲಿಗೆ ಹೋದ ದಿನವೇ ಅಂಥ ನಾಲ್ಕು ಚೂರು ಕೇಳಿ ತಂದೆವು. ಒಂದೊಂದು ಕಾಲಿನ ಕೆಳಗೆ ಒಂದೊಂದು.

ನಮ್ಮ ನೆಲ ಒಂದೇ ಸಮ ಇರಲಿಲ್ಲ. ಪೆಟ್ಟಿಗೆ ಮತ್ತು ಮೇಜು ಸೇರಿ ಸುಮಾರು ೭೬ ಕೆ.ಜಿ. ನಾಲ್ಕು ಕಾಲಿಗೆ ಹಂಚಿದರೆ ಒಂದೊಂದಕ್ಕೆ ೧೯ ಕೆ.ಜಿ. ಒಂದು ಕಾಲು ನೆಲಕ್ಕೆ ತಾಗದಿದ್ದರೆ ಅದರ ಪಾಲು ಉಳಿದವುಗಳ ಮೇಲೆ ಬೀಳುತ್ತದೆ, ಹಲಗೆ ತಿರುಚುತ್ತದೆ, ಗಾಜು ಸೀಳುತ್ತದೆ. ಆದ್ದರಿಂದ ಗೌಂಡಿಯವರ ಹಾಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿ ಹಿಡಿದು ಮಟ್ಟ ನೋಡಿದೆವು. ತಗ್ಗಿದ್ದ ಕಡೆ ಕಲ್ಲಿನ ಕೆಳಗೆ ಸಿಮೆಂಟ್ ಹಾಕಿ ಎತ್ತರಿಸಿದೆವು. ಹಲಗೆ ಮತ್ತು ಗಾಜಿನ ನಡುವೆ ಒಂದು ಥರ್ಮೋಕೋಲ್ ಹಾಳೆ ಇಟ್ಟೆವು. ಹಲಗೆಯ ಮೇಲೆ ಒಂದು ಉಸುಕಿನ ಹರಳು ಇದ್ದರೂ ಅದು ಥರ್ಮೋಕೋಲಿನೊಳಗೆ ಇಳಿಯುತ್ತದೆ, ಗಾಜಿಗೆ ಚುಚ್ಚುವುದಿಲ್ಲ.

ಪರೀಕ್ಷೆ

ಮೀನು ಬಿಡುವ ಮುಂಚೆ ಮೇಜಿಗೆ ಪರೀಕ್ಷೆ ಇಟ್ಟೆವು. ಸಿಮೆಂಟಿನ ಎರಡು ಖಾಲಿ ಚೀಲಗಳಿಗೆ ಉಸುಕು ತುಂಬಿ ಮೇಲೆ ಇಟ್ಟೆವು. ಅದು ಪೆಟ್ಟಿಗೆಗಿಂತ ಹೆಚ್ಚು ಭಾರ. ಮೂರು ದಿನ ಒಂದನೇ ತರಗತಿಯವರನ್ನು ಬೇರೆ ಕೋಣೆಯಲ್ಲಿ ಕೂರಿಸಿದರು. ಮೇಜು ಅಲುಗಲಿಲ್ಲ. ಆಮೇಲೆ ಹಲಗೆಯ ಮೇಲೆ ಒಂದು ಚೆಂಬು ನೀರು ಸುರಿದು, ಕೆಳಗೆ ಹಳೆ ಪೇಪರ್ ಹಾಸಿ ಒಂದು ತಾಸು ಬಿಟ್ಟೆವು. ಹಲಗೆಯ ಕೆಳಗಿನ ಪೇಪರ್ ಒಣಗೇ ಇತ್ತು. ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡು ಗುಂಡಾಗಿ ನಿಂತಿತ್ತು.

ಕಾಕಾ ನೋಡಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ನೀರಿಗಿ ಅಂಜಿ ಬಾಗಲಕೋಟಿ ಬಿಟ್ಟು ಬಂದ ಕಟ್ಟಿಗಿ ಇದು. ಈಗ ನೋಡು, ನೀರನ್ನ ಹೊತ್ತು ನಿಂತೈತಿ."

ನೆನಪಿಡಿ

೧. ನೀರಿನ ತೂಕ ಲೆಕ್ಕ ಮಾಡದೆ ಮೇಜು ಆರಿಸಬಾರದು.
೨. ಕಟ್ಟಿಗೆಯ ಪುಡಿಯ ಹಲಗೆ ಮೀನಿನ ಪೆಟ್ಟಿಗೆಗೆ ಬೇಡ.
೩. ಕೊಯ್ದ ತುದಿಗೆ ಮೊದಲು, ಹೆಚ್ಚು ಎಣ್ಣೆ. ಕಾಣುವ ಮೈಗೆ ಆಮೇಲೆ.
೪. ಭಾರ ಕಟ್ಟಿಗೆಯ ಮೇಲೆ ಇರಲಿ, ಮೊಳೆಯ ಮೇಲೆ ಬೇಡ.
೫. ಕರೆಂಟಿನ ಬೋರ್ಡ್ ಇರುವ ಗೋಡೆಗೆ ಹತ್ತಿರ ಇಡಬಾರದು.
೬. ಎಷ್ಟು ಎಣ್ಣೆ, ಬಣ್ಣ ಹಚ್ಚಿದರೂ ಚೆಲ್ಲಿದ ನೀರನ್ನು ಆಗಲೇ ಒರೆಸಬೇಕು.

ಹನಿಗೂಡಿದರೆ ಹಳ್ಳ ಎಂದು ನಾವು ಉಳಿತಾಯದ ಪ್ರಬಂಧದಲ್ಲಿ ಬರೆಯುತ್ತೇವೆ. ನಾನು ಒರೆಸದೆ ಬಿಟ್ಟ ಹನಿಗಳೂ ಹಾಗೇ ಗೂಡಿದ್ದವು.

ಈಗ ಮೇಜಿನ ಪಕ್ಕ ಒಂದು ನೋಟ್‌ಬುಕ್ ತೂಗು ಹಾಕಿದ್ದೇವೆ. ದಿನಾ ಒಬ್ಬರು ಕಾಲು, ಅಂಚು, ಕಲ್ಲು ಮುಟ್ಟಿ ನೋಡಿ "ಒಣ" ಅಥವಾ "ಹಸಿ" ಎಂದು ಬರೆಯಬೇಕು. ಬರೆಯಲು ಬಾರದ ಒಂದನೇ ತರಗತಿಯವರು ಬಾಯಿಂದ ಹೇಳಿದರೂ ಸಾಕು. ಮೊನ್ನೆ ಗುರುವಾರ ಒಬ್ಬ ಸಣ್ಣ ಹುಡುಗ ಊಟದ ಬಿಡುವಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದು, "ಅಕ್ಕಾ, ಮೀನಿನ ಮೇಜಿನ ಕಾಲು ಹಸಿ ಆಗೇತಿ" ಎಂದ. ಓಡಿ ಹೋಗಿ ನೋಡಿದೆ. ನೆಲ ಒರೆಸಿದ ನೀರು ಕಲ್ಲಿನ ಸುತ್ತ ನಿಂತಿತ್ತು, ಅಷ್ಟೇ. ಬಟ್ಟೆಯಿಂದ ಒರೆಸಿದೆ. ಅದು ದೊಡ್ಡ ಸುದ್ದಿ ಅಲ್ಲ. ಆದರೆ ಅವನು ಕಂಡ ಕೂಡಲೇ ಹೇಳಿದ. ನಾನು ಶುಕ್ರವಾರ ಹೇಳಿರಲಿಲ್ಲ.

ಉಳಿದ ೬ ಮೀನುಗಳು ಮರಿ ಹಾಕಿವೆ. ಮರಿಗಳನ್ನು ಎಣಿಸಲು ಹೋದರೆ ಎಲೆಯ ಮರೆಗೆ ಓಡುತ್ತವೆ. ಬಂದು ನೋಡಿ. ನೋಡುವಾಗ ಒಂದು ಸಲ ಬಗ್ಗಿ ಮೇಜಿನ ಕಾಲನ್ನೂ ನೋಡಿ.

ನಿಮಗೆ ಪ್ರಶ್ನೆಗಳು (ಉತ್ತರ ಮುಂದಿನ ಸಂಚಿಕೆಯಲ್ಲಿ)

೧. ಉದ್ದ ೯೦, ಅಗಲ ೩೦, ನೀರಿನ ಎತ್ತರ ೪೦ ಸೆಂ.ಮೀ. ಇರುವ ಪೆಟ್ಟಿಗೆಯಲ್ಲಿ ನೀರಿನ ತೂಕ ಎಷ್ಟು?
೨. ನಿಮ್ಮ ಮನೆಯ ಬಾಗಿಲಿನ ಚೌಕಟ್ಟು ಎಲ್ಲಿ ಮೊದಲು ಕೆಡುತ್ತದೆ, ಮೇಲೋ ಕೆಳಗೋ? ಯಾಕೆ?

ಇಂತಿ ನಿಮ್ಮ ಗೆಳತಿ,
ಏಳನೇ ತರಗತಿ